ಮೊದಲು ಹಿಮ್ಮೇಳದಲ್ಲಿ ನಿಲ್ಲಿಸು, ತಾಯಿ

ತಾಯಿ ಶಾರದೆ,

ನಮ್ಮ ಸೀಮೆಯಲ್ಲಿ ನಿನ್ನನ್ನು ನೆನೆಯದೆ ಯಾವ ಮೇಳವೂ ಬಾಯಿ ತೆರೆಯುವುದಿಲ್ಲ. ಗಣಪತಿಗೊಂದು ನುಡಿ, ನಿನಗೊಂದು ನುಡಿ, ಕಲಿಸಿದ ಗುರುವಿಗೊಂದು ನುಡಿ, ಎದುರಿಗೆ ಕೂಡಿದ ದೈವಕ್ಕೆ ಒಂದು ಶರಣು. ಅಲ್ಲಿಂದ ಮುಂದೆ ಕಥೆ. ಅದೇ ಕ್ರಮ ಹಿಡಿದು ನಾನೂ ಕೈಮುಗಿದು ನಿಂತಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕುಗಳ ಬಹುಪಾಲು ನೆಲ ಕೃಷ್ಣೆಗೂ ಘಟಪ್ರಭೆಗೂ ನಡುವೆ ಹರಡಿದೆ. ಈ ನೆಲದಲ್ಲಿ ಹರೆಯಕ್ಕೆ ಬರುತ್ತಿರುವ ಮಕ್ಕಳಲ್ಲಿ ಕಥೆ ಹೇಳುವ ಹಂಬಲ ಹೊತ್ತವರಿದ್ದಾರೆ. ಒಬ್ಬಳು ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಯಾರಿಗೂ ತೋರಿಸದೆ ಬರೆಯುತ್ತಾಳೆ. ಒಬ್ಬ ಗೆಳೆಯರನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ನಿನ್ನೆ ಸಂತೆಯಲ್ಲಾದ ಜಗಳವನ್ನು ಇಬ್ಬರ ದನಿಯಲ್ಲೂ ತಾನೇ ಆಡಿ ತೋರಿಸುತ್ತಾನೆ. ಅವರ ಸಲುವಾಗಿ ನಿನ್ನನ್ನು ಬೇಡಲು ಬಂದಿದ್ದೇನೆ.

ನನ್ನ ಬೇಡಿಕೆಯ ಸಾರ ಒಂದೇ. ಅವರನ್ನು ಮುಂದೆ ನಿಲ್ಲಿಸುವ ಮೊದಲು ಹಿಂದೆ ನಿಲ್ಲಿಸು. ಅವರ ಕೈಗೆ ಮೈಕು ಬರುವ ಮೊದಲು ತಾಳ ಬರಲಿ. ಕಥೆ ಹೇಳುವ ವಿದ್ಯೆ ನಮ್ಮಲ್ಲಿ ಯಾವತ್ತೂ ಹಿಮ್ಮೇಳದಿಂದಲೇ ಶುರುವಾಗಿದೆ. ಆ ದಾರಿ ನಮ್ಮ ಮಕ್ಕಳ ಕಾಲಕ್ಕೆ ಮುಚ್ಚದಿರಲಿ.

ಮೊದಲಿಗೆ ಕಿವಿಯನ್ನು ಬೇಡುತ್ತೇನೆ. ನಮ್ಮ ಮನೆಗಳಲ್ಲಿ ರಾತ್ರಿ ಕಥೆ ಹೇಳುವ ಆಯಿ ಮಕ್ಕಳಿಗೆ ಮೊದಲೇ ಒಂದು ಕರಾರು ಹಾಕುತ್ತಿದ್ದಳು: “ಹೂಂ ಅನಬೇಕ ನೋಡ. ಹೂಂ ಅನ್ನೂದು ನಿಂತ್ರ ಕತಿ ನಿಂತಂಗ.” ಆ ಹೂಂ ಅನ್ನುವುದರಲ್ಲಿ ಒಂದು ಶಾಲೆಯೇ ಇತ್ತು. ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಉಸಿರು ಹಿಡಿದು ಸುಮ್ಮನಿರಬೇಕು, ಎಲ್ಲಿ “ಮುಂದ?” ಎಂದು ಕೇಳಬೇಕು ಎಂಬುದು ಮಗುವಿಗೆ ಯಾರೂ ಹೇಳಿಕೊಡದೆ ಗೊತ್ತಾಗುತ್ತಿತ್ತು. ರಾಜಕುಮಾರ ಏಳನೆಯ ಕೋಣೆಯ ಕೀಲಿ ತೆಗೆಯುವಾಗ ಆಯಿ ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲುತ್ತಿದ್ದಳು. ಆ ನಿಲುಗಡೆ ಅವಳ ವಿದ್ಯೆ. ಅದನ್ನು ತಾಳಿಕೊಳ್ಳುವುದು ಮಗುವಿನ ವಿದ್ಯೆ. ಮುಂದೆ ಆ ಮಗು ದೊಡ್ಡದಾಗಿ ತಾನೇ ಹೇಳಲು ಕೂತಾಗ ಎಲ್ಲಿ ನಿಲ್ಲಬೇಕೆಂಬುದು ಅದರ ನಾಲಗೆಗೆ ಮೊದಲೇ ತಿಳಿದಿರುತ್ತಿತ್ತು. ತಾಯಿ, ನಮ್ಮ ಮಕ್ಕಳಿಗೆ ಹೂಂ ಅನ್ನುವ ತಾಳ್ಮೆ ಕೊಡು. ಕೇಳುವಾಗ ಉತ್ತರ ಹುಡುಕದಂಥ, ನಡುವೆ ಬಾಯಿ ಹಾಕದಂಥ, ಕಥೆ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂಡ್ರುವಂಥ ಮನಸ್ಸು ಕೊಡು.

ಕಿವಿಯ ನಂತರ ಹಿಮ್ಮೇಳ. ಗೀಗೀ ಪದದ ಮೇಳದಲ್ಲಿ ಮುಂದಿನವರು ದಪ್ಪು ಹಿಡಿದು ಕಥೆ ಎತ್ತುತ್ತಾರೆ, ಹಿಂದಿನವರು ತುಂತುಣಿ ಮೀಟುತ್ತ, ತಾಳ ಹಾಕುತ್ತ ಪಲ್ಲವಿಗೆ ದನಿಗೂಡಿಸುತ್ತಾರೆ. ಹಾಲುಮತದವರ ಡೊಳ್ಳಿನ ಪದದಲ್ಲೂ ಇದೇ ರೂಢಿ. ಬೀರಪ್ಪನ ಕಥೆ, ಮಾಳಿಂಗರಾಯನ ಕಥೆ ರಾತ್ರಿಯಿಡೀ ನಡೆಯುತ್ತದೆ. ಎಳೆಯರು ತಾಳ ಹಿಡಿದು ಹಿಂದೆ ನಿಲ್ಲುತ್ತಾರೆ. ಮುಂದಿನವರು ಬಿಟ್ಟ ನುಡಿಯನ್ನು ಹಿಂದಿನವರು ಎತ್ತಿಕೊಳ್ಳಬೇಕು, ದನಿ ಇಳಿದರೆ ಇವರು ಏರಿಸಬೇಕು, ಮರೆತರೆ ಸಭೆಗೆ ಗೊತ್ತಾಗದಂತೆ ಸಾಲು ಕೊಡಬೇಕು. ಇಷ್ಟನ್ನೂ ಮಾಡುತ್ತ ನಿಂತ ಹುಡುಗನಿಗೆ ಕೆಲವು ವರ್ಷಗಳಲ್ಲಿ ಕಥೆಯಿಡೀ ಕಂಠಸ್ಥವಾಗಿರುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಮುಂದಿನವನ ಕಣ್ಣಿಗೆ ಕಾಣುವ ಜನವೇ ಹಿಂದಿನವನಿಗೂ ಕಾಣುತ್ತಾರೆ, ಆದರೆ ಆಗ ಅವನಿಗೆ ಹೇಳುವ ಭಾರವಿರುವುದಿಲ್ಲ. ಯಾವ ಮಾತಿಗೆ ಹಿಂದಿನ ಸಾಲಿನ ಮುದುಕ ತಲೆ ಅಲ್ಲಾಡಿಸಿದ, ಯಾವ ಮಾತಿಗೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು, ಎಲ್ಲಿ ಮಕ್ಕಳು ಆಕಳಿಸಿದರು ಎಂಬುದನ್ನು ಅವನು ಬಿಡುವಾಗಿ ನೋಡಿ ಕಲಿಯುತ್ತಾನೆ. ಇಂಥ ಬಿಡುವು ಮುಂದೆ ನಿಂತವನಿಗೆ ಮತ್ತೆ ಎಂದೂ ಸಿಗುವುದಿಲ್ಲ.

ತಾಯಿ, ಈ ನೆಲದ ಎಲ್ಲರಿಗಿಂತ ದೊಡ್ಡ ಕಥೆಗಾರನೂ ಒಂದು ಬಗೆಯಲ್ಲಿ ಹಿಮ್ಮೇಳದಲ್ಲಿ ನಿಂತೇ ಬಂದವನು. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ನಮ್ಮ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಆ ಹುಡುಗನಿಗೆ ಮನೆತನದ ಕಸುಬಿಗಿಂತ ಅಕ್ಷರದ ಹಸಿವು ಹೆಚ್ಚಾಯಿತು. ಊರು ಬಿಟ್ಟು ದೂರದ ಶ್ರವಣಬೆಳಗೊಳದ ಕಡೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಚಾವುಂಡರಾಯ ಆಶ್ರಯ ಕೊಟ್ಟ. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆ ಕೈ ಹಿಡಿದಳು, ಅವಳ ಪ್ರೇರಣೆಯಿಂದ 993ರಲ್ಲಿ ಅಜಿತನಾಥ ಪುರಾಣ ಮುಗಿಯಿತು. ಚಾಲುಕ್ಯರ ಆಸ್ಥಾನದಲ್ಲಿ ಅವನು ಕವಿಚಕ್ರವರ್ತಿ ಎನ್ನಿಸಿಕೊಂಡ. ಅವನು ರನ್ನ. ಇಂದಿಗೂ ಮುಧೋಳ ತಾಲೂಕಿನ ಒಂದು ಊರು ಅವನ ಹೆಸರು ಹೊತ್ತು ರನ್ನಬೆಳಗಲಿ ಎನ್ನಿಸಿಕೊಳ್ಳುತ್ತದೆ.

ಅವನ ಗದಾಯುದ್ಧವನ್ನು ಕಥೆ ಕಲಿಯುವ ಪ್ರತಿ ಮಗುವಿನ ಕೈಯಲ್ಲಿಡು, ತಾಯಿ. ಪಂಪ 941ರಲ್ಲಿ ಇಡೀ ಭಾರತವನ್ನು ಹೇಳಿ ಮುಗಿಸಿದ್ದ. ಆ ಕಾವ್ಯದಲ್ಲಿ ಒಂದು ಆಶ್ವಾಸದೊಳಗೆ ಮುಗಿಯುವ ಭೀಮ-ದುರ್ಯೋಧನರ ಕೊನೆಯ ಕಾಳಗವನ್ನು ರನ್ನ ಎತ್ತಿಕೊಂಡ. ಹಿರಿಯನ ಕಥೆಗೆ ಕಿವಿಗೊಟ್ಟು ಕೇಳಿದವನು ಮಾತ್ರ ಅದರ ಒಂದು ತುಣುಕಿನಲ್ಲಿ ಇನ್ನೊಂದು ಕಾವ್ಯ ಅಡಗಿರುವುದನ್ನು ಕಾಣಬಲ್ಲ. ಆ ತುಣುಕನ್ನು ಹತ್ತು ಆಶ್ವಾಸಗಳಿಗೆ ಬೆಳೆಸಿದ. ಕಥೆ ಶುರುವಾಗುವ ಹೊತ್ತಿಗೆ ಹದಿನೆಂಟು ದಿನದ ಯುದ್ಧ ಮುಗಿಯುತ್ತ ಬಂದಿರುತ್ತದೆ, ಸಾಯಬೇಕಾದವರು ಸತ್ತಿರುತ್ತಾರೆ. ಹಿಂದಿನದೆಲ್ಲ, ಜೂಜು, ವಸ್ತ್ರಾಪಹರಣ, ವನವಾಸ, ಎಲ್ಲವೂ ಪಾತ್ರಗಳ ಸಿಟ್ಟಿನಲ್ಲಿ, ನೆನಪಿನಲ್ಲಿ, ಹಂಗಿಸುವ ಮಾತಿನಲ್ಲಿ ತಿರುಗಿ ಬರುತ್ತದೆ. ಸಿಂಹಾವಲೋಕನ ಕ್ರಮವೆಂದು ವಿದ್ವಾಂಸರು ಹೇಳುವುದು ಇದನ್ನೇ. ಸಾವಿರ ವರ್ಷದ ಹಿಂದೆ ನಮ್ಮ ಮುಧೋಳದವನೊಬ್ಬ ಕೊನೆಯಿಂದ ಕಥೆ ಹಿಡಿದು ಮೊದಲನ್ನು ಅದರೊಳಗೆ ತಂದು ತೋರಿಸಿದ. ಕಥೆಯನ್ನು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಒದ್ದಾಡುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಗುರು ಇನ್ನೊಬ್ಬನಿಲ್ಲ.

ಅದೇ ಕಾವ್ಯದಲ್ಲಿ ದುರ್ಯೋಧನ ಸಂಜಯನ ಜೊತೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನು, ತನ್ನ ಮಗನನ್ನು ಕಾಣುತ್ತಾನೆ. ಅಭಿಮನ್ಯುವಿನ ಹೆಣವೂ ಎದುರಾಗುತ್ತದೆ. ವೈರಿಯ ಮಗ ಅದು. ಅಲ್ಲಿ ದುರ್ಯೋಧನ ಕೈಮುಗಿದು ಆ ಹುಡುಗನ ಶೌರ್ಯವನ್ನು ಮೆಚ್ಚಿ ಮಾತಾಡುತ್ತಾನೆ. ಕಾವ್ಯಕ್ಕೆ ಭೀಮನೇ ನಾಯಕ, ಆಶ್ರಯ ಕೊಟ್ಟ ದೊರೆಯನ್ನು ಭೀಮನಿಗೆ ಸರಿಗಟ್ಟಿಯೇ ಬರೆದದ್ದು. ಆದರೂ ಸೋಲುವವನ ಎದೆಯೊಳಗೆ ಇಳಿದು ಅಲ್ಲಿನ ದೊಡ್ಡತನವನ್ನು ಮುಚ್ಚಿಡದೆ ತಂದ ಕವಿ ರನ್ನ. ತಾಯಿ, ನಮ್ಮ ಮಕ್ಕಳು ಕಥೆ ಕಟ್ಟುವಾಗ ತಮಗಾಗದವನಿಗೂ ಒಂದು ಎದೆ ಇಡುವ ಧೈರ್ಯ ಕೊಡು. ಊರಲ್ಲಿ ಪಕ್ಷ, ಓಣಿಯಲ್ಲಿ ಪಕ್ಷ, ಮನೆಯೊಳಗೂ ಪಕ್ಷವಿರುವ ಕಾಲದಲ್ಲಿ ಬೆಳೆಯುತ್ತಿರುವವರು ಅವರು. ಹರದೇಶಿ-ನಾಗೇಶಿಯ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯೆಲ್ಲ ವಾದಿಸುವಾಗ ಎದುರಿನ ಮೇಳದ ಸವಾಲನ್ನು ಪೂರ್ತಿ ಕೇಳಿಸಿಕೊಳ್ಳದೆ ಉತ್ತರದ ಪದ ಕಟ್ಟಲಾಗುವುದಿಲ್ಲ. ಆ ಶಿಸ್ತು ಅವರ ಬರವಣಿಗೆಗೂ ಬರಲಿ.

ಇನ್ನೊಂದು ಬೇಡಿಕೆಗೆ ನಮ್ಮ ಹಲಗಲಿಯೇ ಸಾಕ್ಷಿ. ಮುಧೋಳ ತಾಲೂಕಿನ ಆ ಸಣ್ಣ ಊರಿನ ಬೇಡರು 1857ರಲ್ಲಿ, ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯಿದೆಗೆ ಬಗ್ಗಲಿಲ್ಲ. ಆಯುಧ ಅವರ ಅನ್ನವೂ ಆಗಿತ್ತು, ಮಾನವೂ ಆಗಿತ್ತು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ ಕೆಲವರನ್ನು, ಹಲಗಲಿಯಲ್ಲಿ ಉಳಿದವರನ್ನು, ಹೀಗೆ 19 ಜನರನ್ನು ಗಲ್ಲಿಗೇರಿಸಿದರು. ಸರ್ಕಾರದ ಕಡತದಲ್ಲಿ ಇದು ಒಂದು ದಂಗೆಯ ವರದಿಯಾಗಿ ಕೂತಿತು. ಜನರ ನಾಲಗೆಯ ಮೇಲೆ ಲಾವಣಿಯಾಗಿ ಉಳಿಯಿತು. ಅದನ್ನು ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಮಕ್ಕಳು ಹತ್ತನೆಯ ತರಗತಿಯ ಪುಸ್ತಕದಲ್ಲಿ ಓದಿದ್ದು ಅದನ್ನೇ.

ಆ ಲಾವಣಿಕಾರನ ಕಣ್ಣನ್ನು ಅವರಿಗೆ ಕೊಡು, ತಾಯಿ. ಅವನು ಕಾಳಗವನ್ನು ಹೇಳುತ್ತಾನೆ, ವೀರರ ಹೆಸರು ಹಿಡಿದು ಹೇಳುತ್ತಾನೆ. ಊರು ಲೂಟಿಯಾದುದನ್ನು ಹೇಳುವಾಗ ಅವನ ಕಣ್ಣು ನೇರ ಅಡಿಗೆ ಮನೆಗೆ ಹೋಗುತ್ತದೆ. ಬೀಸುವ ಕಲ್ಲು ಹೋಯಿತು, ಚರಿಗೆ ಹೋಯಿತು, ಬೆಲ್ಲ, ಜೀರಿಗೆ, ಉಪ್ಪು ಹೋಯಿತು, ಹೆಂಗಸರ ಕೊರಳಿನ ಮಂಗಳಸೂತ್ರವೂ ಹೋಯಿತು ಎಂದು ಒಂದೊಂದಾಗಿ ಎಣಿಸುತ್ತಾನೆ. ಅಯ್ಯೋ ಎನ್ನುವ ಮಾತಿಗಿಂತ ಆ ಎಣಿಕೆಯೇ ಕೇಳುವವರ ಕರುಳು ಹಿಂಡುತ್ತದೆ. ಬೀಸುವ ಕಲ್ಲನ್ನೂ ಬಿಡದೆ ಹೊತ್ತೊಯ್ದ ಮೇಲೆ ಆ ಮನೆಯಲ್ಲಿ ಇನ್ನೇನು ಉಳಿಯಿತು ಎಂಬುದನ್ನು ಕೇಳುವವರೇ ಅಂದಾಜಿಸಿಕೊಳ್ಳಬೇಕು. ದೊಡ್ಡ ಶಬ್ದಗಳ ಮೋಹದ ವಯಸ್ಸಿನಲ್ಲಿರುವ ನಮ್ಮ ಮಕ್ಕಳು ಈ ಒಂದು ಪಾಠ ಕಲಿತರೆ ಸಾಕು. ದುಃಖವನ್ನು ಹೇಳಬೇಕಾದಾಗ ದುಃಖದ ಹೆಸರು ಹೇಳುವ ಬದಲು ಆ ಮನೆಯ ಪಾತ್ರೆ ಪಡಗವನ್ನು ಸರಿಯಾಗಿ ಹೆಸರಿಸುವ ಬುದ್ಧಿ ಅವರಿಗೆ ಬರಲಿ.

ಆ ಲಾವಣಿಯ ಕೊನೆಯಲ್ಲಿ ಕವಿ ಕುರ್ತಕೋಟಿಯ ಕಲ್ಮೇಶ್ವರನ ದಯೆಯನ್ನು ನೆನೆಯುತ್ತಾನೆ, ಕಂಡಷ್ಟನ್ನು ಹೇಳಿದೆನೆಂದು ಮುಗಿಸುತ್ತಾನೆ. ತನ್ನ ಹೆಸರನ್ನು ಮುಂದಿಡುವುದಿಲ್ಲ. ಕಂಡಷ್ಟನ್ನೇ ಹೇಳುವ ಪ್ರಾಮಾಣಿಕತೆ, ಹೇಳಿಸಿದವನು ಬೇರೊಬ್ಬನೆಂಬ ವಿನಯ, ಎರಡೂ ಹಿಮ್ಮೇಳದಲ್ಲಿ ನಿಂತು ಬಂದವರಿಗೆ ಮಾತ್ರ ದಕ್ಕುವ ಗುಣಗಳು. ನಮ್ಮ ಮಕ್ಕಳ ಹೆಸರು ಬೆಳಗಲಿ ಎಂದು ಬೇಡುವ ಆಸೆ ನನಗೂ ಇದೆ. ಅವರ ಹೆಸರಿಗಿಂತ ಅವರು ಹೇಳಿದ ಕಥೆ ಹೆಚ್ಚು ದಿನ ಬಾಳಲಿ ಎಂಬುದು ಅದಕ್ಕಿಂತ ದೊಡ್ಡ ಆಸೆ.

ನಗೆಯನ್ನೂ ಬೇಡುತ್ತೇನೆ, ತಾಯಿ. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತ ನಗೆಯ ದೊಡ್ಡ ಗುರುಕುಲ. ಅಪರಾಳ ತಮ್ಮಣ್ಣ ಬರೆದ ಆ ಕಥೆಯನ್ನು ಪಕ್ಕದ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿ ಆಟದ ರೂಪಕ್ಕೆ ತಂದ. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಹೆಣ್ಣುಮಕ್ಕಳು ರಂಗಕ್ಕೆ ಬರಲು ಹೆದರುತ್ತಿದ್ದ ಕಾಲದಲ್ಲಿ ಬಣ್ಣ ಹಚ್ಚಿ ಮನೆಮಾತಾದಳು. ಕಥೆಯ ಎಳೆ ತೀರ ಸಣ್ಣದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಇಷ್ಟನ್ನೇ ಹಿಡಿದು ಬೆಳತನಕ ಜನರನ್ನು ಕೂಡ್ರಿಸುವುದು ಹೇಗೆ? ಅಲ್ಲಿ ಭಾಗವತನಿದ್ದಾನೆ. ಅವನು ಹಾಡುತ್ತಾನೆ, ಪಾತ್ರದೊಡನೆ ಮಾತಿಗೆ ಇಳಿಯುತ್ತಾನೆ, ಜನರು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವರ ಪರವಾಗಿ ತಾನೇ ಕೇಳುತ್ತಾನೆ. ಗೊಲ್ಲತಿ ಕೃಷ್ಣನಿಗೆ ಎದುರು ಜವಾಬು ಕೊಡುವಾಗ ಮುಧೋಳದ ಸಂತೆಯಲ್ಲಿ ಮೊಸರು ಮಾರುವ ಹೆಣ್ಣುಮಗಳ ನಾಲಗೆಯೇ ಅವಳ ಬಾಯಲ್ಲಿ ಆಡುತ್ತದೆ. ದೇವರಿಗೇ ಸೋಲದ ಆ ಮಾತು ಕೇಳಿ ನಕ್ಕವರು ನಕ್ಕು ಮುಗಿಸುವಷ್ಟರಲ್ಲಿ ಅದರೊಳಗಿನ ವೇದಾಂತ ತಾಕಿರುತ್ತದೆ. ಭಾಗವತನ ಪಕ್ಕದಲ್ಲಿ ತಾಳ ಹಿಡಿದು ಕೂತ ಹುಡುಗ ಕಲಿಯುವುದು ಇದನ್ನೇ: ಪುರಾಣದ ಪಾತ್ರವನ್ನು ನಮ್ಮೂರಿನ ಮಾತಿನಲ್ಲಿ ಮಾತಾಡಿಸುವುದು, ಅಷ್ಟಾದರೂ ಅದರ ಘನತೆ ಕಳೆಯದಂತೆ ನೋಡಿಕೊಳ್ಳುವುದು. ನಮ್ಮ ಮಕ್ಕಳಿಗೆ ತಮ್ಮ ಮನೆಯ ಮಾತಿನ ಬಗ್ಗೆ ನಾಚಿಕೆ ಬಾರದಿರಲಿ, ತಾಯಿ. ಜಮಖಂಡಿಯ ಮಾತಿನಲ್ಲಿ ಕೃಷ್ಣ ಮಾತಾಡಬಲ್ಲನಾದರೆ ಅವರ ಕಥೆಯ ನಾಯಕಿಯೂ ಮಾತಾಡಬಲ್ಲಳು.

ಹೆಣ್ಣುಮಕ್ಕಳ ಸಲುವಾಗಿ ಬೇರೆಯೇ ಬೇಡುತ್ತೇನೆ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಡದ ಗಲಗಲಿಯ ಹೆಸರು ಹೊತ್ತ ಒಬ್ಬ ಅವ್ವ ಸುಮಾರು ಮುನ್ನೂರು ವರ್ಷಗಳ ಹಿಂದೆ ಇದ್ದಳು. ಗಲಗಲಿ ಅವ್ವನೆಂದೇ ಅವಳನ್ನು ಹರಿದಾಸ ಪರಂಪರೆ ನೆನೆಯುತ್ತದೆ. ವೈಧವ್ಯದ ಕಟ್ಟುಗಳ ನಡುವೆ ಬದುಕಿದ ಆ ತಾಯಿ ರುಕ್ಮಿಣಿ, ಸತ್ಯಭಾಮೆ, ದ್ರೌಪದಿ, ಸುಭದ್ರೆಯರನ್ನು ಮುಯ್ಯದ ಹಾಡುಗಳಲ್ಲಿ ಎದುರುಬದುರು ಕೂಡ್ರಿಸಿದಳು. ಬೀಗರ ಮನೆಯ ಹೆಂಗಸರು ಮುಯ್ಯ ತಂದಾಗ ಆಡುವ ಕೊಂಕು, ಚೇಷ್ಟೆ, ಪ್ರೀತಿ ಎಲ್ಲವೂ ದ್ವಾರಕೆಯ ಅಂಗಳಕ್ಕೆ ಬಂತು. ಅವಳ ಹಿಂದೆ ಹಾಡಿದ ಹೆಣ್ಣುಮಕ್ಕಳ ಗುಂಪೇ ಅವಳ ಹಿಮ್ಮೇಳ. ಅವಳ ಶಿಷ್ಯೆ ಪ್ರಯಾಗವ್ವ ತಾನೂ ಹಾಡು ಕಟ್ಟಿದಳು. ಪಡಸಾಲೆಯಿಂದ ಆಚೆ ಕಾಲಿಡಲಾಗದ ಕಾಲದಲ್ಲಿ ಪಡಸಾಲೆಯಲ್ಲೇ ಒಂದು ಪರಂಪರೆ ಬೆಳೆಯಿತು. ಬೀಸುವ ಕಲ್ಲಿನ ಮುಂದೆ ಸೊಸೆಗೆ ಎದುರಾಗಿ ಕೂತು ಹಾಡಿದ ಅತ್ತೆಯರ ಪದಗಳೂ ಇದೇ ಬಳ್ಳಿಯವು. ಇವತ್ತು ನಮ್ಮ ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದಾರೆ, ಬಸ್ಸು ಹತ್ತುತ್ತಿದ್ದಾರೆ. ಆದರೂ ರಾತ್ರಿ ಮೇಳಕ್ಕೆ ನಿಲ್ಲಲು, ಕಟ್ಟೆಯ ಮೇಲೆ ಕೂತು ಕಥೆ ಹೇಳಲು ಅವರಿಗೆ ಇನ್ನೂ ಅಂಜಿಕೆಯಿದೆ. ಆ ಅಂಜಿಕೆಯನ್ನು ತೆಗೆ, ತಾಯಿ. ಅದನ್ನು ಹುಟ್ಟಿಸುವವರ ಮನಸ್ಸನ್ನು ಮೊದಲು ತಿದ್ದು.

ಪಕ್ಕದವರ ಕಥೆಗೂ ಅವರ ಕಿವಿ ತೆರೆದಿರಲಿ. ನಮ್ಮ ಊರುಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ರಿವಾಯತ ಪದ ಹಾಡುವ ಮೇಳದಲ್ಲಿ ಎಲ್ಲ ಜಾತಿ ಮತದ ಹುಡುಗರೂ ಇರುತ್ತಾರೆ. ಕರ್ಬಲದ ಮೈದಾನದಲ್ಲಿ ಹಸನ-ಹುಸೇನರ ಮನೆತನ ನೀರಿಗಾಗಿ ಬಾಯಾರಿದ ಕಥೆಯನ್ನು ಕೃಷ್ಣೆಯ ದಡದ ಒಕ್ಕಲಿಗರ ಹುಡುಗ ಕಣ್ಣೀರಿಟ್ಟು ಹಾಡುತ್ತಾನೆ. ನೀರಿನ ಬೆಲೆ ಅವನಿಗೂ ಗೊತ್ತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಮರಾಠಿ, ಕನ್ನಡ, ಉರ್ದು ಒಂದೇ ಓಣಿಯಲ್ಲಿ ಬಾಳಿದವು. ಅಲ್ಲೇ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ ಮಹಾರಾಷ್ಟ್ರದ ಸಂತರ ಮೇಲೆ ಬರೆದರು, ಕನ್ನಡದ ಅನುಭಾವಿಗಳ ಮೇಲೂ ಅಷ್ಟೇ ಶ್ರದ್ಧೆಯಿಂದ ಮಾತಾಡಿದರು. ಒಂದೇ ಮನೆಯ ಕಥೆ ಕೇಳಿ ಬೆಳೆದವನ ಕಥೆ ಆ ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ನಮ್ಮ ಮಕ್ಕಳ ಕಥೆ ಓಣಿ ದಾಟಲಿ.

ಇನ್ನು ಕಷ್ಟ ತೋಡಿಕೊಳ್ಳುತ್ತೇನೆ, ತಾಯಿ. ಈ ವಿದ್ಯೆ ಕಲಿಯುವ ಜಾಗಗಳು ಒಂದೊಂದಾಗಿ ಹೋಗುತ್ತಿವೆ. ಜೋಳ ಬೆಳೆಯುತ್ತಿದ್ದ ಕಾಲದಲ್ಲಿ ಸುಗ್ಗಿಯ ಕಣವಿತ್ತು. ಮೇಟಿಯ ಸುತ್ತ ಎತ್ತುಗಳನ್ನು ಹೊಡೆಯುತ್ತ ರಾತ್ರಿಯಿಡೀ ಹಂತಿ ಪದ ಹಾಡುತ್ತಿದ್ದರು. ನಿದ್ದೆ ಬರದಿರಲೆಂದು ಹಾಡುವ ಆ ಪದಗಳಲ್ಲಿ ಕಥೆಗಳು ಮೈಲುಗಟ್ಟಲೆ ಬೆಳೆಯುತ್ತಿದ್ದವು, ಹಿಂದಿನಿಂದ ದನಿಗೂಡಿಸಲು ಮನೆಯ ಹುಡುಗರು ಬೇಕೇ ಬೇಕಾಗುತ್ತಿತ್ತು. ನೀರಾವರಿ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ನಮ್ಮ ರೈತ ಸ್ವಲ್ಪ ಉಸಿರಾಡಿದ, ಅದಕ್ಕೆ ನಿನಗೆ ಶರಣು. ಆದರೆ ಕಬ್ಬಿಗೆ ಕಣ ಬೇಕಾಗಿಲ್ಲ, ಉಳಿದ ಜೋಳಕ್ಕೆ ಯಂತ್ರ ಬಂತು. ಕಣ ಹೋದ ಮೇಲೆ ಹಂತಿ ಪದಕ್ಕೆ ನಿಲ್ಲಲು ನೆಲವಿಲ್ಲದಂತಾಯಿತು.

ರಬಕವಿ, ಬನಹಟ್ಟಿ, ರಾಂಪುರಗಳ ನೇಕಾರರ ಮನೆಗಳಲ್ಲೂ ಹೀಗೇ ಆಗಿದೆ. ಕುಣಿ ಮಗ್ಗದ ಮುಂದೆ ಕೂತ ಅಪ್ಪ ಲಾಳಿ ಎಸೆಯುತ್ತಲೇ ಕಥೆ ಹೇಳಬಹುದಿತ್ತು, ಕಂಡಿಕೆ ಸುತ್ತುವ ಮಗಳು ಕೇಳಬಹುದಿತ್ತು. ಪಾವರ್‌ಲೂಮ್ ಬಂದ ಮೇಲೆ ಗೋಡೆಯೂ ನಡುಗುವ ಆ ಸದ್ದಿನಲ್ಲಿ ಗಂಡ ಹೆಂಡತಿ ಸನ್ನೆಯಲ್ಲೇ ಮಾತಾಡಬೇಕಾಗಿದೆ. ಅಲ್ಲಿ ಬೆಳೆಯುವ ಮಗುವಿಗೆ ಕಥೆ ಕೇಳುವ ಹೊತ್ತು ಎಂದರೆ ಕರೆಂಟು ಹೋದ ಹೊತ್ತು ಮಾತ್ರ. ಆ ಮನೆಗಳಿಗೆ ಕೂಲಿಯನ್ನೂ ಕೊಡು, ಸಂಜೆಯಲ್ಲಿ ಒಂದಿಷ್ಟು ಮೌನವನ್ನೂ ಕೊಡು.

ಬೀಳಗಿಯ ಕಡೆಗೆ ಹೋದರೆ ಆಲಮಟ್ಟಿ ಜಲಾಶಯದ ಹಿನ್ನೀರು. 519.6 ಮೀಟರ್ ಮಟ್ಟಕ್ಕೆ ನಿಂತ ಆ ನೀರಿನ ಕೆಳಗೆ ಹೊಲ ಹೋದವು, ಮನೆ ಹೋದವು, ಗುಡಿ ಮತ್ತು ಕಟ್ಟೆ ಹೋದವು. ಹಲವು ಊರುಗಳು ಪುನರ್ವಸತಿ ಕೇಂದ್ರಗಳಾಗಿ ಬೇರೆ ಕಡೆ ಎದ್ದಿವೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಊರು ಎಂದರೆ ನೀರು. ಆ ಮಕ್ಕಳಿಗೆ ನಿನ್ನ ವಿಶೇಷ ದಯೆ ಬೇಕು, ತಾಯಿ. ಹಳೆಯ ಊರಿನಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಇತ್ತು, ಬಾವಿಯ ನೀರು ಸಿಹಿಯೋ ಸವುಳೋ, ಜಾತ್ರೆಯ ತೇರು ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಕಥೆ ಹೇಳಲು ಕಲಿಯುವ ಹುಡುಗನಿಗೆ ಇದಕ್ಕಿಂತ ತುರ್ತಿನ ಮೊದಲ ಪಾಠ ನನಗೆ ಕಾಣದು. ಅಜ್ಜನ ಮುಂದೆ ಹೋಗಿ ಕೂಡ್ರುವ ಬುದ್ಧಿ ಅವನಿಗೆ ಇವತ್ತೇ ಕೊಡು. ನಾಳೆಗೆ ತಡವಾಗಬಹುದು.

ಹೊಸ ಜಾಗಗಳನ್ನೂ ಹರಸು. ಉತ್ತರ ಕರ್ನಾಟಕದ ಮಾತಿನಲ್ಲಿ ಮೊಬೈಲ್ ಹಿಡಿದು ಕಿರುಚಿತ್ರ ಮಾಡುವ ಹುಡುಗರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಹೊಲದ ಬದುವೇ ಅವರ ರಂಗ, ಎಮ್ಮೆಯ ಕೊಟ್ಟಿಗೆಯೇ ಬಣ್ಣದ ಮನೆ. ಆ ಹುಮ್ಮಸ್ಸನ್ನು ಕಂಡು ನನ್ನ ಎದೆ ತುಂಬುತ್ತದೆ. ಅವರಲ್ಲೂ ಹಿಮ್ಮೇಳವಿದೆ. ಕ್ಯಾಮೆರಾ ಹಿಡಿದು ನಿಂತವನು, ಮಾತು ಬರೆದುಕೊಟ್ಟವನು, ಬೆಳಕಿಗೆ ತಗಡು ಹಿಡಿದವನು, ಎಲ್ಲರೂ ಹಿಂದಿನ ಸಾಲಿನವರೇ. ಬೇಗ ನಗಿಸಬೇಕೆಂಬ ಅವಸರದಲ್ಲಿ ಹೆಂಡತಿಯನ್ನು ಬೈಯುವುದು, ಬಡವನನ್ನು ಆಡಿಕೊಳ್ಳುವುದು ಸುಲಭದ ದಾರಿಯಾಗದಿರಲಿ. ಗೊಲ್ಲತಿಯ ಮಾತಿಗೆ ಜನ ನಕ್ಕಾಗ ಯಾರ ಮಾನವೂ ಹೋಗುತ್ತಿರಲಿಲ್ಲ. ಆ ಹದ ಅವರ ಕೈಗೆ ಸಿಗಲಿ.

ಕಲಿಸುವವರಿಗಾಗಿಯೂ ಬೇಡುತ್ತೇನೆ. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಕೈ ಹಿಡಿದವರನ್ನು ದಿನಕ್ಕೆ ನೂರು ಸಲ ಕರೆಯುವ ಹೆಸರಿನಲ್ಲೇ ಇಟ್ಟುಕೊಂಡ. ಅವನನ್ನು ಬೆಳೆಸಿದ ಅಂಥ ಕೈಗಳು ಇಂದಿನ ಮಕ್ಕಳಿಗೆ ಎಲ್ಲಿವೆ? ನಮ್ಮ ಊರುಗಳ ಹಳೆಯ ಭಾಗವತರು, ಡೊಳ್ಳಿನ ಪದದ ಗುರುಗಳು, ಚೌಡಿಕೆ ಮೀಟುವ ತಾಯಂದಿರು ಕಲಿಸಲು ಕಾದು ಕೂತಿದ್ದಾರೆ. ಹಲವರಿಗೆ ಓದು ಬರಹವಿಲ್ಲ, ಅವರ ಕಥೆಗಳೆಲ್ಲ ಎದೆಯಲ್ಲೇ ಇವೆ. ಹೊಟ್ಟೆಪಾಡಿಗೆ ಕೂಲಿಗೆ ಹೋಗಿ ಬಂದು ರಾತ್ರಿ ತಾಳ ಹಿಡಿಯುವವರು ಅವರು. ಅವರ ಹೊಟ್ಟೆ ತಣ್ಣಗಿರಲಿ, ಅವರ ಮುಂದೆ ಕೂಡ್ರುವ ಶಿಷ್ಯರು ಹೆಚ್ಚಲಿ, ಶಾಲು ಸನ್ಮಾನ ಬರುವ ಮೊದಲೇ ಅವರಿಗೆ ಒಬ್ಬ ವಾರಸುದಾರ ಸಿಗಲಿ.

ತಾಯಿ, ನಿನ್ನ ಮುಂದೆ ನನ್ನ ಮಾತು ಇಷ್ಟು. ಇನ್ನು ಎದುರಿಗೆ ಕೂಡಿದ ದೈವಕ್ಕೆ, ಅಂದರೆ ಇದನ್ನು ಓದುತ್ತಿರುವ ನಿಮಗೆ, ಕೈಮುಗಿದು ಕೆಲವು ಮಾತು.

ಮೇಳ ನಡೆಸುವ ಹಿರಿಯರೇ, ಈ ವರ್ಷ ನಿಮ್ಮ ಹಿಮ್ಮೇಳದಲ್ಲಿ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಜಾಗ ಕೊಡಿರಿ. ತಾಳ ತಪ್ಪಿದರೆ ಸಭೆಯಲ್ಲಿ ಬೈಯದೆ ಮರುದಿನ ತಿದ್ದಿರಿ. ಗುರುಗಳೇ, ಹಲಗಲಿಯ ಲಾವಣಿಯನ್ನು ಪರೀಕ್ಷೆಯ ಪ್ರಶ್ನೆಗೆಂದು ಓದಿಸಿ ಬಿಡದೆ ಒಂದು ಸಲ ತರಗತಿಯಲ್ಲಿ ಹಾಡಿಸಿರಿ, ಹಾಡಬಲ್ಲ ಊರಿನ ಅಜ್ಜನನ್ನೇ ಕರೆಸಿರಿ. ಪಂಚಾಯತಿಯವರೇ, ಜಾತ್ರೆಯ ಆರ್ಕೆಸ್ಟ್ರಾಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಪಾರಿಜಾತದ ಒಂದು ರಾತ್ರಿಗೆ ಇಡಿರಿ. ತಂದೆ ತಾಯಂದಿರೇ, ಆ ರಾತ್ರಿ ಮಕ್ಕಳನ್ನು ನಿದ್ದೆಯ ನೆಪ ಹೇಳಿ ಮನೆಗೆ ಕರೆದೊಯ್ಯಬೇಡಿರಿ. ಕಥೆ ಹೇಳಬೇಕೆಂದು ಹಂಬಲಿಸುವ ತಮ್ಮಂದಿರೇ, ತಂಗಿಯರೇ, ನಿಮ್ಮೂರಿನಲ್ಲಿ ಹಾಡುವ, ಹೇಳುವ ಹಿರಿಯರು ಯಾರಿದ್ದಾರೆಂದು ಈ ವಾರವೇ ಕೇಳಿ ತಿಳಿಯಿರಿ. ಅವರ ಮನೆಗೆ ಹೋಗಿರಿ, ಕಲಿಸಿರೆಂದು ಬೇಡಿರಿ. ಅವರು ಬಾ ಎನ್ನುತ್ತಾರೆ.